ಪರದೆಯಾಚೆ ಡಾಕ್ಟರು, ಈಚೆ ಯಾರು?

ದಾಂಡೇಲಿಯಿಂದ ಬೆಳಿಗ್ಗೆ ಹುಬ್ಬಳ್ಳಿ ಕಡೆ ಹೊರಡುವ ಬಸ್ಸುಗಳಲ್ಲಿ ಎಕ್ಸ್‌ರೇ ಕವರು, ಹಳೆಯ ಚೀಟಿಗಳ ಪ್ಲಾಸ್ಟಿಕ್ ಚೀಲ ಹಿಡಿದು ಕೂತವರು ಒಬ್ಬರಾದರೂ ಇರುತ್ತಾರೆ. ಹಾದಿ ಸುಮಾರು 75 ಕಿ.ಮೀ. ಹಳಿಯಾಳದವರಿಗೆ ಧಾರವಾಡ ಹತ್ತಿರ, ಮುಂಡಗೋಡದವರಿಗೆ ಹುಬ್ಬಳ್ಳಿಯೇ ಗತಿ. ಜೋಯಿಡಾದ ಒಳಹಳ್ಳಿಗಳವರು ಮೊದಲು ಕಾಡು ದಾಟಿ ಡಾಂಬರು ರಸ್ತೆಗೆ ಬರಬೇಕು, ಬಸ್ಸಿನ ಮಾತು ಆಮೇಲೆ. ಉತ್ತರ ಕನ್ನಡದ ಜಿಲ್ಲಾ ಕೇಂದ್ರ ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದೆ ನಿಜ, ಆದರೆ ಅದು ಘಟ್ಟದ ಕೆಳಗೆ. ಘಟ್ಟದ ಮೇಲಿನ ಈ ನಾಲ್ಕು ತಾಲೂಕುಗಳ ರೋಗಿಗಳು ಮೊದಲಿನಿಂದಲೂ ಮುಖ ಮಾಡುವುದು ಹುಬ್ಬಳ್ಳಿ-ಧಾರವಾಡದ ಕಡೆಗೇ.

ಅಲ್ಲಿ ಡಾಕ್ಟರು ಐದು ನಿಮಿಷ ನೋಡುತ್ತಾರೆ. ಇದೇ ಮಾತ್ರೆ ಮುಂದುವರಿಸಿ, ತಿಂಗಳು ಬಿಟ್ಟು ಬನ್ನಿ ಎನ್ನುತ್ತಾರೆ. ಆ ಐದು ನಿಮಿಷಕ್ಕೆ ಒಂದು ದಿನದ ಕೂಲಿ ಹೋಗಿರುತ್ತದೆ. ಜೊತೆಗೆ ಬಂದವರದ್ದೂ ಸೇರಿದರೆ ಎರಡು ದಿನದ್ದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಬಸ್ ಚಾರ್ಜು ಉಳಿಯಿತು. ಕೂಲಿ ಉಳಿಯಲಿಲ್ಲ. ಬಿಪಿ, ಶುಗರ್ ಇರುವವರು ಮಾತ್ರೆ ಮುಗಿದರೂ ಹದಿನೈದು ದಿನ ಹಾಗೇ ತಳ್ಳುವುದರ ಹಿಂದೆ ಬರೀ ಅಸಡ್ಡೆ ಇದೆ ಎಂದುಕೊಳ್ಳುವುದು ತಪ್ಪು. ಅಲ್ಲಿ ಈ ಲೆಕ್ಕವೂ ಇದೆ.

ಕೆಲಸ ಮಾಡುವ ಜಾಗಕ್ಕೇ ಡಾಕ್ಟರನ್ನು ತಂದರೆ ಈ ಲೆಕ್ಕ ಬದಲಾಗುತ್ತದೆ. ಟೆಲಿಮೆಡಿಸಿನ್ ಸೌಲಭ್ಯವನ್ನು ನೌಕರರಿಗೆ ಸಂಬಳದ ಜೊತೆಗೆ ಕೊಡಬೇಕೆಂಬ ವಿಚಾರ ಹುಟ್ಟಿರುವುದೇ ಇಲ್ಲಿಂದ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇದು ಈಗ ಹೊಸದೇನಲ್ಲ. ಕೋವಿಡ್ ಲಾಕ್‌ಡೌನಿನ ನಡುವೆ, 2020ರ ಏಪ್ರಿಲ್‌ನಲ್ಲಿ, ಕೆಲಸ ಮತ್ತೆ ಆರಂಭಿಸುವ ಸಂಸ್ಥೆಗಳು ನೌಕರರಿಗೆ ಆರೋಗ್ಯ ವಿಮೆ ಮಾಡಿಸಲೇಬೇಕೆಂದು ಕೇಂದ್ರ ಗೃಹ ಸಚಿವಾಲಯ ಸೂಚಿಸಿತು. ಅದೇ ವರ್ಷದ ಜೂನ್‌ನಲ್ಲಿ, ಪಾಲಿಸಿಯಲ್ಲಿ ವೈದ್ಯರ ಸಲಹಾ ಶುಲ್ಕಕ್ಕೆ ಅವಕಾಶವಿರುವ ಕಡೆ ಟೆಲಿಮೆಡಿಸಿನ್ ಸಲಹೆಯನ್ನೂ ಒಪ್ಪಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಕಂಪನಿಗಳಿಗೆ ಹೇಳಿತು. ಅಲ್ಲಿಂದೀಚೆಗೆ ಗುಂಪು ವಿಮೆಯ ಜೊತೆ ಒಂದು ಆ್ಯಪ್, ಆ ಆ್ಯಪಿನಲ್ಲಿ ಇಪ್ಪತ್ನಾಲ್ಕು ಗಂಟೆ ಡಾಕ್ಟರು ಎಂಬುದು ನಗರದ ನೌಕರಿಯ ಸಾಮಾನ್ಯ ಸೌಲಭ್ಯವಾಯಿತು. ಎಷ್ಟೋ ಪಾಲಿಸಿಗಳಲ್ಲಿ ತಂದೆ-ತಾಯಿಯನ್ನೂ ಸೇರಿಸಬಹುದು. ಹಾಗಾಗಿ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರೆ ಹಳಿಯಾಳದಲ್ಲಿರುವ ಅವನ ತಾಯಿಗೆ ಈ ಸೌಲಭ್ಯ ಸಿಗುತ್ತದೆ. ಅದೇ ಬೀದಿಯಲ್ಲಿದ್ದು ಊರಿನಲ್ಲೇ ದುಡಿಯುವವನಿಗೆ ಸಿಗುವುದಿಲ್ಲ.

ಸಿಕ್ಕರೂ ಆ್ಯಪ್ ಇಲ್ಲಿ ಎಷ್ಟು ಉಪಯೋಗಕ್ಕೆ ಬಂದೀತು ಎಂಬುದು ಬೇರೆ ಮಾತು. ಜೋಯಿಡಾ ತಾಲೂಕು ವಿಸ್ತೀರ್ಣದಲ್ಲಿ ಜಿಲ್ಲೆಗೇ ದೊಡ್ಡದು, ಜನಸಂಖ್ಯೆ 50 ಸಾವಿರದ ಆಸುಪಾಸು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೂ ಅಂಚಿಗೂ ಚದುರಿದ ಹಳ್ಳಿಗಳು. ಎಷ್ಟೋ ಕಡೆ ಫೋನ್ ಮಾತಾಡಲು ಗುಡ್ಡ ಹತ್ತಬೇಕು. ಸಿಗ್ನಲ್ ಇಲ್ಲದ ದೇಶದ 24,680 ಹಳ್ಳಿಗಳಿಗೆ 4ಜಿ ತಲುಪಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟದ್ದು ಇಂಥ ಊರುಗಳಿಗಾಗಿಯೇ. ಭಾಷೆಯದ್ದು ಇನ್ನೊಂದು ತೊಡಕು. ಜೋಯಿಡಾದ ಕುಣಬಿಗಳ ಮನೆಮಾತು ಕೊಂಕಣಿ, ಹಳಿಯಾಳ-ಮುಂಡಗೋಡದ ಸಿದ್ದಿಗಳದ್ದೂ ಕೊಂಕಣಿಯ ಒಂದು ಬಗೆ. ಗೌಳಿಗಳು ಮರಾಠಿ ಆಡುತ್ತಾರೆ, ಮುಂಡಗೋಡದ ಟಿಬೆಟಿಯನ್ ನಿರಾಶ್ರಿತರ ಕ್ಯಾಂಪುಗಳಲ್ಲಿ ಟಿಬೆಟನ್ ಕೇಳಿಬರುತ್ತದೆ. ಎದೆಯಲ್ಲಿ ಆಗುತ್ತಿರುವುದು ಉರಿಯೋ, ಚುಚ್ಚೋ, ಬಿಗಿತವೋ ಎಂಬುದನ್ನು ಹೇಳಲು ಜನರಿಗೆ ಮನೆಮಾತೇ ಬೇಕು. ಇಂಗ್ಲಿಷ್ ಪರದೆಯ ಮೇಲೆ ಗುಂಡಿ ಒತ್ತಿ, ಹಿಂದಿಯಲ್ಲಿ ಕೇಳಿದ ಪ್ರಶ್ನೆಗೆ ತಲೆಯಾಡಿಸಿ ಪಡೆದ ಸಲಹೆಗೆ ಎಷ್ಟು ಬೆಲೆ?

ಹಾಗಾದರೆ ಟೆಲಿಮೆಡಿಸಿನ್ ಇಲ್ಲಿಗೆ ಹೊಂದುವುದೇ ಇಲ್ಲವೆ? ಹೊಂದುತ್ತದೆ, ಬೇರೆಲ್ಲ ಕಡೆಗಿಂತ ಹೆಚ್ಚು ಹೊಂದುತ್ತದೆ. ಆದರೆ ಜೇಬಿನೊಳಗಿನ ಆ್ಯಪಿನ ರೂಪದಲ್ಲಲ್ಲ. ಈ ವ್ಯವಸ್ಥೆ ಎಲ್ಲಿ ಹುಟ್ಟಿತು ಎಂದು ನೋಡಿದರೆ ದಾರಿ ತಿಳಿಯುತ್ತದೆ.

ವಿಮಾನ ನಿಲ್ದಾಣದ ನರ್ಸ್

1960ರ ದಶಕದಲ್ಲಿ ಅಮೆರಿಕದ ಬೋಸ್ಟನ್ನಿನ ಲೋಗನ್ ವಿಮಾನ ನಿಲ್ದಾಣದಲ್ಲಿ ಅಲ್ಲಿಯ ನೌಕರರಿಗೆ ಮತ್ತು ಪ್ರಯಾಣಿಕರಿಗೆಂದು ಒಂದು ಚಿಕಿತ್ಸಾ ಕೇಂದ್ರವಿತ್ತು. ಅದನ್ನು ನಡೆಸುತ್ತಿದ್ದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಅಲ್ಲಿಂದ ನಾಲ್ಕೈದು ಕಿ.ಮೀ. ದೂರವಷ್ಟೇ. ಆದರೆ ನಡುವೆ ಬಂದರಿನ ತಳದ ಸುರಂಗ, ಅದರಲ್ಲಿ ಸದಾ ವಾಹನಗಳ ಸಾಲು. ಡಾಕ್ಟರು ಸಮಯಕ್ಕೆ ತಲುಪುವುದೇ ಕಷ್ಟವಾಗಿತ್ತು. 1968ರಲ್ಲಿ ಡಾ. ಕೆನೆತ್ ಬರ್ಡ್ ಎರಡೂ ಕಡೆ ಕ್ಯಾಮೆರಾ, ಟಿವಿ ಇಟ್ಟು ಮೈಕ್ರೋವೇವ್ ಮೂಲಕ ಜೋಡಿಸಿದರು. ಆಧುನಿಕ ಟೆಲಿಮೆಡಿಸಿನ್ನಿನ ಮೊದಲ ಪ್ರಯೋಗಗಳಲ್ಲಿ ಒಂದಾದ ಇದು ನಡೆದದ್ದು ಒಂದು ಕೆಲಸದ ಜಾಗದಲ್ಲಿ. ಅಲ್ಲಿ ಹಗಲೂ ರಾತ್ರಿ ನುರಿತ ನರ್ಸ್ ಇರುತ್ತಿದ್ದರು. ಸ್ಟೆತೊಸ್ಕೋಪ್ ಇಡುವುದು, ಗಾಯ ತೋರಿಸುವುದು, ಕ್ಯಾಮೆರಾ ತಿರುಗಿಸುವುದು ಎಲ್ಲವೂ ಅವರ ಕೈಯಲ್ಲಿ. ಡಾಕ್ಟರ ಕಣ್ಣು ಆಚೆ, ಕೈ ಈಚೆ.

ಅದಕ್ಕೂ ಮೊದಲು, 1935ರಲ್ಲಿ, ಗುಯಿಡೊ ಗುಯಿಡಾ ಎಂಬ ಇಟಲಿಯ ವೈದ್ಯರು ರೋಮ್‌ನಲ್ಲಿ ಹಡಗಿನವರಿಗೆ ರೇಡಿಯೊ ಮೂಲಕ ವೈದ್ಯಕೀಯ ಸಲಹೆ ಕೊಡುವ ಕೇಂದ್ರ ತೆರೆದರು. ಅದರ ಮೊದಲ ಅಧ್ಯಕ್ಷ ರೇಡಿಯೊದ ಮಾರ್ಕೋನಿ. ನಡುಗಡಲಿನಲ್ಲಿ ಕಾಯಿಲೆ ಬಿದ್ದ ನಾವಿಕನ ಪರವಾಗಿ ರೇಡಿಯೊದಲ್ಲಿ ಮಾತಾಡುತ್ತಿದ್ದುದು ಹಡಗಿನ ಒಬ್ಬ ಅಧಿಕಾರಿ. ಔಷಧಿ ಪೆಟ್ಟಿಗೆಯ ಕೀಲಿಯೂ ಹಡಗಿನಲ್ಲೇ. ಸಲಹೆ ಎಷ್ಟೇ ದೂರದಿಂದ ಬರಲಿ, ಮಾತ್ರೆ ಕೈಗೆಟುಕುವ ಜಾಗದಲ್ಲಿರಬೇಕು ಎಂಬುದು ಆಗಲೇ ಅವರಿಗೆ ಗೊತ್ತಿತ್ತು.

ಕರ್ನಾಟಕಕ್ಕೂ ಇದು ಹೊಸತಲ್ಲ. 2002ರಲ್ಲೇ ಇಸ್ರೊ ತನ್ನ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರ ಜಿಲ್ಲಾ ಆಸ್ಪತ್ರೆಗೂ, ಎಚ್.ಡಿ. ಕೋಟೆ ಕಾಡಂಚಿನ ಸರಗೂರಿನಲ್ಲಿರುವ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿತ್ತು. ಆಗ ಬೇಕಿದ್ದ ಡಿಶ್ ಆಂಟೆನಾ, ದುಬಾರಿ ಯಂತ್ರ ಇವತ್ತು ಬೇಕಿಲ್ಲ. ಈಚೆ ಬದಿಯಲ್ಲಿ ತರಬೇತಿಯಾದ ಒಬ್ಬರು ಬೇಕೆಂಬುದು ಮಾತ್ರ ಆಗಿನಂತೆ ಈಗಲೂ ಹಾಗೇ ಇದೆ. 2019ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಇ-ಸಂಜೀವನಿ 2023ರ ಫೆಬ್ರುವರಿಗೆ 10 ಕೋಟಿ ಸಲಹೆಗಳನ್ನು ದಾಟಿತು. ಹೆಚ್ಚು ಬಳಸುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಜನ ಮನೆಯಿಂದ ನೇರವಾಗಿ ಡಾಕ್ಟರಿಗೆ ಕರೆ ಮಾಡುವ ವ್ಯವಸ್ಥೆಯೂ ಅದರಲ್ಲಿದೆ; ಆದರೆ ಆ 10 ಕೋಟಿಯಲ್ಲಿ ಬಹುಪಾಲು ನಡೆದದ್ದು ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ, ಸಮುದಾಯ ಆರೋಗ್ಯ ಅಧಿಕಾರಿಯ ಎದುರು ಕೂತು. ಜನ ಯಾವುದನ್ನು ನಂಬಿದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆ ಆರೋಗ್ಯ ಕೇಂದ್ರದ ಕೊಠಡಿಯೊಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಂದವರನ್ನು ಕುರ್ಚಿಗೆ ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿಸಿ ಐದು ನಿಮಿಷ ಸುಮ್ಮನೆ ಕೂರಿಸಬೇಕು. ಆಮೇಲೆ ತೋಳನ್ನು ಎದೆಮಟ್ಟಕ್ಕೆ ಮೇಜಿನ ಮೇಲೆ ಇಡಿಸಿ, ಬರಿಯ ತೋಳಿಗೆ ಬಿಪಿ ಪಟ್ಟಿ ಸುತ್ತಬೇಕು. ಬಿಸಿಲಲ್ಲಿ ಓಡಿ ಬಂದವನಿಗೆ ಅಂಗಿಯ ತೋಳಿನ ಮೇಲೇ ಪಟ್ಟಿ ಸುತ್ತಿ ನೋಡಿದರೆ ಬರುವ ಅಂಕಿ ಸುಳ್ಳು. ಆ ಅಂಕಿ ಪರದೆ ದಾಟಿ ತಜ್ಞರ ಕಣ್ಣೆದುರು ಹೋದರೂ ಸುಳ್ಳೇ. ಬೆರಳು ಚುಚ್ಚಿ ಸಕ್ಕರೆ ನೋಡುವಾಗಲೂ ಅಷ್ಟೇ: ಕೈ ತೊಳೆದು ಒರೆಸಿಕೊಳ್ಳದೆ, ಈಗಷ್ಟೇ ಬಾಳೆಹಣ್ಣು ತಿಂದ ಬೆರಳನ್ನೇ ಚುಚ್ಚಿದರೆ ಯಂತ್ರ ತೋರಿಸುವುದು ಬೆರಳಿಗಂಟಿದ ಹಣ್ಣಿನ ಸಕ್ಕರೆಯನ್ನು. ಇಷ್ಟನ್ನು ಸರಿಯಾಗಿ ಮಾಡಿ, ಯಾವ ಮಾತ್ರೆ ಎಷ್ಟು ದಿನ ತಪ್ಪಿದೆ ಎಂದು ಕೇಳಿ ಬರೆದಿಟ್ಟ ಮೇಲೆಯೇ ಡಾಕ್ಟರು ಪರದೆಯ ಮೇಲೆ ಬರಬೇಕು. ಆಗ ಐದು ನಿಮಿಷ ನಿಜವಾಗಿಯೂ ಸಾಕು.

ಪರದೆಯ ಮೇಲೆ ಏನು ಮಾಡಬಹುದು, ಏನು ಕೂಡದು ಎಂಬುದಕ್ಕೆ ನಮ್ಮಲ್ಲಿ ಸ್ಪಷ್ಟ ನಿಯಮ ಬಂದದ್ದು 2020ರ ಮಾರ್ಚ್ 25ರಂದು. ಅದಕ್ಕೆ ಎರಡು ವರ್ಷ ಹಿಂದೆ, ರೋಗಿಯನ್ನು ನೋಡದೆ ಫೋನಿನಲ್ಲೇ ಔಷಧಿ ಹೇಳಿದ ರತ್ನಾಗಿರಿಯ ವೈದ್ಯ ದಂಪತಿಗೆ ಬಾಂಬೆ ಹೈಕೋರ್ಟ್ ನಿರೀಕ್ಷಣಾ ಜಾಮೀನು ನಿರಾಕರಿಸಿತ್ತು. ದೇಶದ ವೈದ್ಯರೆಲ್ಲ ಫೋನಿನಲ್ಲಿ ಬಾಯಿ ಬಿಡಲು ಹೆದರುವಂತಾಗಿತ್ತು. 2020ರ ಮಾರ್ಗಸೂಚಿ ಆ ಗೊಂದಲವನ್ನು ಬಗೆಹರಿಸಿತು. ನೋಂದಾಯಿತ ವೈದ್ಯರು ವಿಡಿಯೊ, ಫೋನ್, ಸಂದೇಶ ಯಾವುದರಲ್ಲೂ ಸಲಹೆ ಕೊಡಬಹುದು. ಚೀಟಿಯಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು. ಜ್ವರದ ಪ್ಯಾರಾಸಿಟಮಾಲ್, ಒಆರ್‌ಎಸ್‌ನಂಥವನ್ನು ಹೇಗೂ ಹೇಳಬಹುದು. ಕೆಲವು ಔಷಧಿಗಳಿಗೆ ಮೊದಲ ಬಾರಿ ವಿಡಿಯೊದಲ್ಲಿ ನೋಡಲೇಬೇಕು. ಬಿಪಿ, ಶುಗರ್ ಇರುವವರಿಗೆ ಮೊದಲಿನ ಮಾತ್ರೆಗಳನ್ನು ಮುಂದುವರಿಸಬಹುದು. ಮಾದಕ ವಸ್ತು ಕಾಯ್ದೆಯಡಿ ಬರುವ ಔಷಧಿಗಳನ್ನು ಪರದೆಯ ಮೇಲೆ ಬರೆಯುವಂತೆಯೇ ಇಲ್ಲ. ಕೃತಕ ಬುದ್ಧಿಮತ್ತೆ ವೈದ್ಯರಿಗೆ ನೆರವಾಗಬಹುದೇ ಹೊರತು ತಾನೇ ಔಷಧಿ ಬರೆಯುವಂತಿಲ್ಲ. ನೌಕರರಿಗೆ ಈ ಸೌಲಭ್ಯ ಕೊಂಡುಕೊಡುವ ಸಂಸ್ಥೆಗಳು ಕೊನೆಯ ಪಕ್ಷ ಚೀಟಿಯ ಮೇಲಿನ ಆ ನೋಂದಣಿ ಸಂಖ್ಯೆಯನ್ನಾದರೂ ಪರೀಕ್ಷಿಸಬೇಕು.

ಗೇಟಿನ ಒಳಗೆ, ಗೇಟಿನ ಹೊರಗೆ

ದಾಂಡೇಲಿ ಕಾರ್ಖಾನೆಯ ಊರು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರಲ್ಲಿ ಕಾಗದ ತಯಾರಿಸತೊಡಗಿತು. ಕಾಳಿ ನದಿಯ ನೀರು, ಸುತ್ತಲಿನ ಬಿದಿರು ಅದನ್ನು ಇಲ್ಲಿಗೆ ಕರೆತಂದವು. ಪ್ಲೈವುಡ್, ಫೆರೊ ಅಲಾಯ್ಸ್ ಕಾರ್ಖಾನೆಗಳೂ ಇದ್ದವು. ಅವು ಬಾಗಿಲು ಹಾಕಿದವು, ಕಾಗದ ಕಾರ್ಖಾನೆ ಉಳಿಯಿತು. ಇಷ್ಟು ಚಿಕ್ಕ ಪಟ್ಟಣದಲ್ಲಿ ನೌಕರರ ರಾಜ್ಯ ವಿಮೆಯ (ಇಎಸ್‌ಐ) ಆಸ್ಪತ್ರೆ ಇರುವುದು ಈ ಕಾರ್ಖಾನೆಗಳ ಕಾರಣಕ್ಕೇ. ಘಟ್ಟದ ಮೇಲಿನ ಕಾಡಿನ ನಡುವೆ, ದುಡಿಯುವವರ ಮತ್ತು ದುಡಿಸಿಕೊಳ್ಳುವವರ ವಂತಿಗೆಯಿಂದ ನಿಂತ ಆಸ್ಪತ್ರೆ ಅದು.

ಇಎಸ್‌ಐ ಲೆಕ್ಕ ಸರಳ. 10 ಅಥವಾ ಹೆಚ್ಚು ಜನ ಇರುವ ಸಂಸ್ಥೆ, ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳ. 2019ರ ಜುಲೈನಿಂದ ಕಾರ್ಮಿಕನ ಪಾಲು ಶೇ 0.75, ಮಾಲೀಕನದ್ದು ಶೇ 3.25. 15,000 ರೂಪಾಯಿ ಸಂಬಳದವನಿಂದ ತಿಂಗಳಿಗೆ 112 ರೂಪಾಯಿ 50 ಪೈಸೆ ಕಡಿತವಾದರೆ ಮಾಲೀಕ 487 ರೂಪಾಯಿ 50 ಪೈಸೆ ಹಾಕಬೇಕು. ಒಟ್ಟು 600 ರೂಪಾಯಿಯಲ್ಲಿ ಇಡೀ ಕುಟುಂಬಕ್ಕೆ ಚಿಕಿತ್ಸೆ. ಗುತ್ತಿಗೆ ಕಾರ್ಮಿಕರಿಗೂ ಇದು ಅನ್ವಯ. ಕಾಯಿಲೆ ಬಿದ್ದು ಕೆಲಸಕ್ಕೆ ಹೋಗದಿದ್ದರೆ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಕೈಗೆ ಬರುತ್ತದೆ. ಯಾವ ಖಾಸಗಿ ಆ್ಯಪೂ ಕೊಡದ ಸೌಲಭ್ಯ ಇದು. ಆದರೆ ಆ ಹಣ ಸಿಗಬೇಕಾದರೆ ಇಎಸ್‌ಐ ವೈದ್ಯರ ಪ್ರಮಾಣಪತ್ರ ಬೇಕು. ಕಂಪನಿ ಕೊಟ್ಟ ಆ್ಯಪಿನಲ್ಲಿ ಬೆಂಗಳೂರಿನ ಡಾಕ್ಟರು "ಮೂರು ದಿನ ವಿಶ್ರಾಂತಿ" ಎಂದು ಬರೆದರೆ ಆ ಚೀಟಿಯಿಂದ ಕೂಲಿ ಹುಟ್ಟುವುದಿಲ್ಲ. ವಿಶ್ರಾಂತಿ ಬೇಕಿದ್ದವನು ಚೀಟಿಗಾಗಿ ಮತ್ತೆ ಸರದಿಯಲ್ಲಿ ನಿಲ್ಲುತ್ತಾನೆ. ಹೊಸ ಸೌಲಭ್ಯವನ್ನು ಹಳೆಯದಕ್ಕೆ ಜೋಡಿಸದೆ ಪಕ್ಕದಲ್ಲಿಟ್ಟರೆ ಆಗುವ ತೊಂದರೆ ಇಂಥದ್ದು.

ಜೋಡಿಸಲು ಜಾಗವಂತೂ ಇದೆ. 1948ರ ಕಾರ್ಖಾನೆ ಕಾಯ್ದೆಯೇ 500ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಆಂಬ್ಯುಲೆನ್ಸ್ ಕೊಠಡಿ, ಅದಕ್ಕೆ ವೈದ್ಯಕೀಯ ಮತ್ತು ಶುಶ್ರೂಷಾ ಸಿಬ್ಬಂದಿ ಕಡ್ಡಾಯ ಮಾಡಿತ್ತು. ಕರೆಂಟು, ನೆಟ್‌ವರ್ಕು, ಬಾಗಿಲು ಮುಚ್ಚಿಕೊಳ್ಳುವ ಒಂದು ಕೋಣೆ, ಬಿಪಿ ನೋಡಲು ಬರುವ ಒಂದು ಜೊತೆ ಕೈ: ಟೆಲಿಮೆಡಿಸಿನ್ ಕೇಳುವುದು ಇಷ್ಟನ್ನೇ, ಮತ್ತು ಇಷ್ಟೂ ಕೆಲಸದ ಜಾಗದಲ್ಲಿ ಇದೆ, ಕೂಲಿಯವನ ಮನೆಯಲ್ಲಿ ಇಲ್ಲ. ಕೋಣೆ ಇದ್ದಲ್ಲಿ ಪರದೆ ಸೇರಿಸುವುದು ದೊಡ್ಡ ಖರ್ಚಲ್ಲ. ಪಾಳಿ ಮುಗಿಸಿ ಬಂದವರು ಹತ್ತು ನಿಮಿಷ ಕೂತು ಶುಗರ್ ತೋರಿಸಿ, ಹುಬ್ಬಳ್ಳಿಯ ತಜ್ಞರ ಜೊತೆ ಮಾತಾಡಿ, ಮಾತ್ರೆ ಹಿಡಿದು ಮನೆಗೆ ಹೋಗಬಹುದು.

ಗೇಟಿನ ಹೊರಗಿನದ್ದು ಕಷ್ಟದ ಮಾತು. ದಾಂಡೇಲಿಯಿಂದ ಗಣೇಶಗುಡಿಯವರೆಗೆ ಕಾಳಿಯ ದಂಡೆಯ ಮೇಲೆ ಈಗ ರೆಸಾರ್ಟುಗಳು, ಹೋಮ್‌ಸ್ಟೇಗಳು. ರಾಫ್ಟಿಂಗ್ ಗೈಡುಗಳು, ಜೀಪ್ ಚಾಲಕರು, ಅಡುಗೆಯವರು, ಕೋಣೆ ಗುಡಿಸುವ ಹೆಂಗಸರು ಈ ಊರುಗಳ ಹೊಸ ಕಾರ್ಮಿಕರು. ನಾಲ್ಕು ಜನ, ಆರು ಜನ ಇರುವ ಘಟಕಗಳಾದ್ದರಿಂದ ಹತ್ತರ ಮಿತಿ ಇವರಲ್ಲಿ ಎಷ್ಟೋ ಜನರನ್ನು ಇಎಸ್‌ಐನಿಂದ ಹೊರಗಿಟ್ಟಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, ಹತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಗಳೂ ಮಾಲೀಕರು ಮತ್ತು ನೌಕರರು ಒಪ್ಪಿದರೆ ಇಎಸ್‌ಐ ಸೇರಬಹುದೆಂದು ಹೇಳುತ್ತದೆ. ಒಪ್ಪಬೇಕಾದವರು ಹೋಮ್‌ಸ್ಟೇ ಮಾಲೀಕರು. ಒಬ್ಬೊಬ್ಬರೇ ನರ್ಸ್ ಇಟ್ಟುಕೊಳ್ಳಲು ಆಗದು, ಆದರೆ ಒಂದೇ ದಂಡೆಯ ಹತ್ತಿಪ್ಪತ್ತು ಮಾಲೀಕರು ಸೇರಿ ಒಂದು ಕೊಠಡಿ ನಡೆಸಬಹುದು. ಪ್ರವಾಸಿಗರಿಗೆ ತೊಂದರೆಯಾದರೂ ಅದೇ ಕೊಠಡಿ ಆಗುತ್ತದೆ. ಲೋಗನ್ ನಿಲ್ದಾಣದ ಕೇಂದ್ರವೂ ನೌಕರರು, ಪ್ರಯಾಣಿಕರು ಇಬ್ಬರಿಗೂ ಇತ್ತಲ್ಲ.

ಕಾಡಿನಲ್ಲಿ, ಗದ್ದೆಯಲ್ಲಿ ದುಡಿಯುವವರಿಗೆ ಕೆಲಸದ ಅಪಾಯಗಳಲ್ಲಿ ಹಾವಿನದ್ದು ದೊಡ್ಡದು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕಚ್ಚಿಸಿಕೊಂಡವನನ್ನು ಫೋನಿನ ಮುಂದೆ ಕೂರಿಸಿದರೆ ಪ್ರಾಣ ಉಳಿಯದು. ಔಷಧಿ ಇರುವ ಆಸ್ಪತ್ರೆಗೆ ಓಡಲೇಬೇಕು. ಆದರೆ ಆ ಚಿಕ್ಕ ಆಸ್ಪತ್ರೆಯಲ್ಲಿರುವ ಎಳೆಯ ವೈದ್ಯರಿಗೆ ದೂರದ ತಜ್ಞರ ನೆರವು ಅಮೂಲ್ಯ. ಅಲ್ಲೊಂದು ಸಣ್ಣ ಪರೀಕ್ಷೆ ಇದೆ. ಒಣಗಿದ, ಸ್ವಚ್ಛ ಗಾಜಿನ ನಳಿಕೆಯಲ್ಲಿ ರೋಗಿಯ ರಕ್ತ ಸ್ವಲ್ಪ ತೆಗೆದು, ಅಲುಗಾಡಿಸದೆ 20 ನಿಮಿಷ ನಿಲ್ಲಿಸುವುದು. ಆಮೇಲೆ ನಳಿಕೆಯನ್ನು ಮೆಲ್ಲಗೆ ವಾಲಿಸುವುದು. ರಕ್ತ ಹೆಪ್ಪುಗಟ್ಟಿದ್ದರೆ ಒಂದು ದಾರಿ. ನೀರಿನ ಹಾಗೆ ಹರಿದರೆ ಮಂಡಲದ ಹಾವಿನಂಥದ್ದರ ವಿಷ ರಕ್ತಕ್ಕೆ ಸೇರಿದೆ, ವಿಷನಿರೋಧಕ ತಕ್ಷಣ ಬೇಕು. ಯಂತ್ರವಿಲ್ಲ, ಖರ್ಚಿಲ್ಲ. ನಳಿಕೆ ತೊಳೆದ ಸಾಬೂನಿನ ಅಂಶ ಉಳಿದಿದ್ದರೂ ಉತ್ತರ ತಪ್ಪಾಗುತ್ತದೆ. ಹುಬ್ಬಳ್ಳಿಯ ತಜ್ಞರು ಎಷ್ಟೇ ದೊಡ್ಡವರಿರಲಿ, ಅವರು ಹೇಳುವ ಮಾತು ಇಲ್ಲಿಯ ನರ್ಸ್ ತೊಳೆದ ಗಾಜಿನ ಮೇಲೆ ನಿಂತಿರುತ್ತದೆ.

ಹೃದಯಾಘಾತದಲ್ಲಿ ಇದೇ ಮಾತು ಈಗಾಗಲೇ ಸಾಬೀತಾಗಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ "ಮನೆಬಾಗಿಲಿಗೆ ಹೃದ್ರೋಗ ಚಿಕಿತ್ಸೆ" ಎಂಬ ಪ್ರಯತ್ನದ ಬಂಡವಾಳ ವಾಟ್ಸ್‌ಆ್ಯಪ್ ಗುಂಪು ಮತ್ತು ದಾನಿಗಳು ಕೊಟ್ಟ ಇಸಿಜಿ ಯಂತ್ರಗಳು. ಕರಾವಳಿ, ಮಲೆನಾಡಿನ ಹಳ್ಳಿಯ ವೈದ್ಯರು ಇಸಿಜಿ ತೆಗೆದು ಫೋಟೊ ಹಾಕಿದರೆ ತಜ್ಞರು ನೋಡಿ ಹೇಳುತ್ತಾರೆ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ದಾರಿಯದ್ದು: ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರು ಓದಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುವುದು. ದೊಡ್ಡಾಸ್ಪತ್ರೆಗೆ ಒಂದೂವರೆ-ಎರಡು ತಾಸಿನ ದಾರಿ ಇರುವ ಊರುಗಳಿಗೆ ಈ ಚುಚ್ಚುಮದ್ದು ಎಂದರೆ ಬದುಕು. ಕೆಲಸದ ಜಾಗದ ಕೊಠಡಿಯಲ್ಲಿ ಒಂದು ಇಸಿಜಿ ಯಂತ್ರ ಇದ್ದು, ಅದು ಇಂಥ ಜಾಲಕ್ಕೆ ಸೇರಿಕೊಂಡರೆ "ಗ್ಯಾಸ್ ಇರಬೇಕು, ಸೋಡಾ ಕುಡಿ" ಎನ್ನುವ ಮಾತಿಗೆ ಬಲಿಯಾಗುವವರು ಕಡಿಮೆಯಾಗುತ್ತಾರೆ.

ಮುಂಡಗೋಡದ್ದು ಸ್ವಲ್ಪ ಬೇರೆ ಕತೆ. 1966ರಲ್ಲಿ ನೆಲೆಗೊಂಡ ಡೋಗುಲಿಂಗ್ ಟಿಬೆಟಿಯನ್ ವಸತಿಯಲ್ಲಿ ಡ್ರೆಪುಂಗ್, ಗಾಂದೆನ್ ಮಠಗಳಿವೆ, ಸಾವಿರಾರು ಭಿಕ್ಷುಗಳಿದ್ದಾರೆ, ತಮ್ಮದೇ ಆಸ್ಪತ್ರೆ ಇದೆ. ಇಲ್ಲಿ ಮಾಲೀಕನ ಜಾಗದಲ್ಲಿ ಸಮುದಾಯವೇ ನಿಂತಿದೆ: ಟಿಬೆಟಿಯನ್ ಆಡಳಿತ 2012ರಲ್ಲಿ ಕುಟುಂಬಗಳ ವಂತಿಗೆಯಿಂದ ನಡೆಯುವ ಆರೋಗ್ಯ ನಿಧಿಯೊಂದನ್ನು ಆರಂಭಿಸಿತು. ಟಿಬೆಟಿಯನ್ ನಿರಾಶ್ರಿತರಲ್ಲಿ ಕ್ಷಯ ಹೆಚ್ಚು. ಔಷಧಿಗೆ ಬಗ್ಗದ ಕ್ಷಯವೂ ಇದೆ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳಾದರೂ ಒಂದು ದಿನವೂ ತಪ್ಪದೆ ಮಾತ್ರೆ ನುಂಗಬೇಕು. ಆದರೆ ಚಳಿಗಾಲ ಬಂತೆಂದರೆ ಇಲ್ಲಿಯ ಎಷ್ಟೋ ಕುಟುಂಬಗಳು ಸ್ವೆಟರ್ ವ್ಯಾಪಾರಕ್ಕೆ ಊರೂರು ಹೊರಡುತ್ತವೆ. ದೂರದ ಪಟ್ಟಣದ ಫುಟ್‌ಪಾತಿನಲ್ಲಿ ಅಂಗಡಿ ಹಾಕಿ ಕೂತವರಿಗೆ ಊರಿನ ಆಸ್ಪತ್ರೆಯ, ತಮ್ಮ ಮಾತು ಬಲ್ಲ ನರ್ಸ್ ವಾರಕ್ಕೊಮ್ಮೆ ವಿಡಿಯೊ ಕರೆ ಮಾಡಿ ಮಾತ್ರೆ ಪಟ್ಟಿ ತೋರಿಸಿ ಎಂದು ಕೇಳುವುದು ಟೆಲಿಮೆಡಿಸಿನ್ನಿನ ಅತ್ಯಂತ ಸಾದಾ ರೂಪ, ಅತ್ಯಂತ ಫಲ ಕೊಡುವ ರೂಪವೂ ಹೌದು. ಪರಿಚಯದ ಮುಖ, ಮೊದಲೇ ಬರೆದಿಟ್ಟ ದಾಖಲೆ, ಮುಂದುವರಿಯುವ ಚಿಕಿತ್ಸೆ ಮೂರೂ ಇದ್ದಾಗ ದೂರ ದೊಡ್ಡ ತೊಡಕಾಗುವುದಿಲ್ಲ.

ಮಾಲೀಕನಿಗೆ ಏನು ಗೊತ್ತಾಗಬೇಕು

ಕಾರ್ಮಿಕರು ಇಂಥ ಸೌಲಭ್ಯದಿಂದ ಹಿಂಜರಿಯುವುದಕ್ಕೆ ಇನ್ನೊಂದು ಕಾರಣವಿದೆ. ತನಗೆ ಸಕ್ಕರೆ ಕಾಯಿಲೆ ಎಂದು ಸೂಪರ್‌ವೈಸರಿಗೆ ಗೊತ್ತಾದರೆ ರಾತ್ರಿ ಪಾಳಿ ತಪ್ಪಿಸಿ ಓಟಿ ಹಣ ಕಳೆದಾರು, ಗುತ್ತಿಗೆ ನವೀಕರಿಸದೆ ಬಿಟ್ಟಾರು ಎಂಬ ಭಯ. ಈ ಭಯ ಆಧಾರವಿಲ್ಲದ್ದೇನಲ್ಲ. ಖರ್ಚು ಕಂಪನಿಯದ್ದು, ಕೊಠಡಿ ಕಂಪನಿಯದ್ದು, ದಾಖಲೆ ಮಾತ್ರ ರೋಗಿಯದ್ದು ಎಂಬುದನ್ನು ಕರಾರಿನಲ್ಲೇ ಬರೆಯಬೇಕು. ಎಷ್ಟು ಜನ ಬಂದರು ಎಂಬ ಲೆಕ್ಕ ಮಾಲೀಕನಿಗೆ ಹೋಗಲಿ, ಯಾರು ಯಾಕೆ ಬಂದರು ಎಂಬುದು ಹೋಗಕೂಡದು. ಖಾಸಗಿ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾನೂನು ಬಂದಿದೆ. ಅದು ಕೆಲಸದ ಜಾಗದ ಕೊಠಡಿಯ ಗೋಡೆಯ ಮೇಲೆ ಕನ್ನಡದಲ್ಲಿ, ಕೊಂಕಣಿಯಲ್ಲಿ ಬರೆದು ಹಾಕಿದಾಗ ಮಾತ್ರ ಜನರಿಗೆ ತಲುಪೀತು.

ಮನಸ್ಸಿನ ತೊಂದರೆಗಳಲ್ಲಂತೂ ಈ ಗುಟ್ಟು ಇನ್ನೂ ಮುಖ್ಯ. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಹಗಲೂ ರಾತ್ರಿ ಇದೆ, ಕನ್ನಡದಲ್ಲಿಯೂ ಮಾತಾಡುತ್ತದೆ. ಮಾಲೀಕನಿಗೂ ಈ ಕರೆಗೂ ಯಾವ ಸಂಬಂಧವೂ ಇಲ್ಲ. ಆ ಸಂಖ್ಯೆಯನ್ನು ಪಂಚಿಂಗ್ ಯಂತ್ರದ ಪಕ್ಕದಲ್ಲಿ ಅಂಟಿಸಲು ಯಾವ ಕಂಪನಿಗೂ ಖರ್ಚಿಲ್ಲ.

ಇಷ್ಟೆಲ್ಲ ಹೇಳುವಾಗ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತರು. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಹಳೆಯ ಬೇಡಿಕೆ ಆಗ ಜಿಲ್ಲೆಯ ಉದ್ದಕ್ಕೂ ಎದ್ದಿತು. ಅಪಘಾತದ ಗಾಯ, ಕಷ್ಟದ ಹೆರಿಗೆ, ಮೆದುಳಿನ ರಕ್ತಸ್ರಾವ ಇವಕ್ಕೆ ಪರದೆ ಉತ್ತರವಲ್ಲ. ಅವಕ್ಕೆ ಶಸ್ತ್ರಚಿಕಿತ್ಸೆಯ ಕೋಣೆ, ರಕ್ತನಿಧಿ, ಬೆಳಗಿನ ಜಾವ ಮೂರಕ್ಕೂ ಎದ್ದು ಬರುವ ಅರಿವಳಿಕೆ ತಜ್ಞರು ಬೇಕು. ಟೆಲಿಮೆಡಿಸಿನ್ ಬಂತಲ್ಲ, ಇನ್ನೇಕೆ ಆಸ್ಪತ್ರೆ ಎಂದು ಯಾರಾದರೂ ಕೇಳಿದರೆ ಆ ಮಾತನ್ನು ಒಪ್ಪಿಕೊಳ್ಳಬಾರದು.

ದಾಂಡೇಲಿ, ಮುಂಡಗೋಡದ ಮಾತಾಯಿತು, ಇನ್ನು ಹಳಿಯಾಳ. ಇಲ್ಲಿ ಪ್ಯಾರಿ ಕಂಪನಿಯ ಸಕ್ಕರೆ ಕಾರ್ಖಾನೆ ಇದೆ. ಹಂಗಾಮಿನಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಬೇರೆ ಜಿಲ್ಲೆಗಳಿಂದ, ಮಹಾರಾಷ್ಟ್ರದ ಕಡೆಯಿಂದ ಬಂದು ಗದ್ದೆಯ ಬದಿಯಲ್ಲಿ ಗುಡಿಸಲು ಹಾಕುತ್ತವೆ. ಅವರು ಕಾರ್ಖಾನೆಯ ನೌಕರರ ಪಟ್ಟಿಯಲ್ಲಿಲ್ಲ, ಈ ತಾಲೂಕಿನ ಪಡಿತರ ಚೀಟಿಯಲ್ಲೂ ಇಲ್ಲ. ದುಡಿಮೆ ತಪ್ಪಿದ ಒಂದು ದಿನದ ಬೆಲೆ ಏನೆಂದು ಇವರಷ್ಟು ಬಲ್ಲವರು ಯಾರೂ ಇಲ್ಲ. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಬಂದ ಸುದ್ದಿ ದೇಶವನ್ನು ತಲ್ಲಣಗೊಳಿಸಿತ್ತು: ಕಬ್ಬು ಕಡಿಯುವ ಕೂಲಿ ತಪ್ಪಬಾರದೆಂದು, ರಜೆಯ ದಿನಕ್ಕೆ ಬೀಳುವ ದಂಡಕ್ಕೆ ಹೆದರಿ, ಚಿಕ್ಕ ವಯಸ್ಸಿನ ಹೆಂಗಸರೂ ಗರ್ಭಕೋಶ ತೆಗೆಸಿಕೊಳ್ಳುತ್ತಿದ್ದರು. ಅಲ್ಲಿಯ ಸರ್ಕಾರ ತನಿಖಾ ಸಮಿತಿ ನೇಮಿಸಬೇಕಾಯಿತು. ಸಣ್ಣ ಸೋಂಕಿಗೆ ಸಮಯಕ್ಕೆ ಸರಿಯಾದ ಸಲಹೆ, ಮಾತ್ರೆ ಸಿಕ್ಕಿದ್ದರೆ ಅವರಲ್ಲಿ ಎಷ್ಟು ಜನ ಶಸ್ತ್ರಚಿಕಿತ್ಸೆಯ ಮೇಜು ಹತ್ತುತ್ತಿರಲಿಲ್ಲವೋ.

ಕಬ್ಬಿನ ಹಂಗಾಮಿಗೆ ತನ್ನದೇ ಒಂದು ಅನುಕೂಲವೂ ಇದೆ. ಕಡಿದ ಕಬ್ಬು ಹೊತ್ತ ಟ್ರ್ಯಾಕ್ಟರುಗಳೆಲ್ಲ ಬಂದು ನಿಲ್ಲುವುದು ಕಾರ್ಖಾನೆಯ ಯಾರ್ಡಿನಲ್ಲೇ. ತೂಕದ ಸರದಿ ಬರುವವರೆಗೆ ಚಾಲಕರು ತಾಸುಗಟ್ಟಲೆ ಕಾಯುತ್ತಾರೆ. ಅಲ್ಲೊಂದು ಕೊಠಡಿ, ಸಂಜೆ ಪಾಳಿಯಲ್ಲಿ ಒಬ್ಬ ನರ್ಸ್, ಮರಾಠಿ-ಕನ್ನಡ ಎರಡೂ ಬಲ್ಲವರು. ವಾರಕ್ಕೆರಡು ದಿನ ಅದೇ ನರ್ಸ್ ಗ್ಯಾಂಗುಗಳ ಗುಡಿಸಲಿಗೆ ಹೋಗಿ, ಬಿಪಿ ಯಂತ್ರ, ಫೋನು, ಮಾತ್ರೆಯ ಪೆಟ್ಟಿಗೆ ಇಟ್ಟುಕೊಂಡು ಕೂರುವುದು. ಹೆಂಗಸರ ತೊಂದರೆಗಳಿಗೆ ಮಹಿಳಾ ವೈದ್ಯರನ್ನೇ ಪರದೆಗೆ ಕರೆಸುವುದು. ಹಳಿಯಾಳದ ತಾಲೂಕು ಆಸ್ಪತ್ರೆಯ ಜೊತೆ ಮಾತಾಡಿ, ಇಲ್ಲಿಂದ ಕಳಿಸಿದವರನ್ನು ಬೇರೆ ಜಿಲ್ಲೆಯವರೆಂದು ವಾಪಸ್ ಕಳಿಸದಂತೆ ನೋಡಿಕೊಳ್ಳುವುದು. ಹಂಗಾಮು ಶುರುವಾಗುವ ಮುನ್ನ ಕಾರ್ಖಾನೆಯವರು, ತಾಲೂಕು ಆರೋಗ್ಯಾಧಿಕಾರಿ, ಕಬ್ಬು ಬೆಳೆಗಾರರ ಮುಖಂಡರು, ಗ್ಯಾಂಗಿನ ಮೇಸ್ತ್ರಿಗಳು ಒಂದು ಮಧ್ಯಾಹ್ನ ಕೂತರೆ ನರ್ಸ್ ಸಂಬಳ ಯಾರು ಕೊಡಬೇಕು, ಪೆಟ್ಟಿಗೆಯಲ್ಲಿ ಯಾವ ಮಾತ್ರೆ ಇರಬೇಕು, ಪರದೆಯ ಮೇಲೆ ಯಾವ ಆಸ್ಪತ್ರೆಯ ಡಾಕ್ಟರು ಎಷ್ಟು ಗಂಟೆಗೆ ಬರಬೇಕು ಎಂಬುದು ತೀರ್ಮಾನವಾಗಿಬಿಡುತ್ತದೆ.